ಉಪ್ಪುಮರಳಿನ ಒಂಟೆ

ನಾನೊಂದು ಒಂಟೆ. ಹೆಸರು ಬಾದಲ್. ನಮ್ಮೂರಿನ ಮಾತಿನಲ್ಲಿ ಹಾಗೆಂದರೆ ಮೋಡ. ಈಗ ನಾನಿರುವುದು ಕುಂದಾಪುರದ ಕಡೆಯ ನಡುಕೋಡಿ ಎಂಬ ಕಡಲತೀರದಲ್ಲಿ. ಹುಟ್ಟಿದ್ದು ಮಾತ್ರ ಬಹಳ ದೂರ, ಮಾರವಾಡದ ಮರಳಿನಲ್ಲಿ.

ಹುಟ್ಟಿದ ದಿನ ನನಗೆ ಮೊದಲು ತಿಳಿದದ್ದು ಮರಳಿನ ಬಿಸಿ. ಆಮೇಲೆ ತಾಯಿಯ ಹೊಟ್ಟೆಯ ನೆರಳು. ನಾಲ್ಕು ಕಾಲುಗಳು ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಆಗ ಕೆಂಪು ಮುಂಡಾಸಿನ ಒಬ್ಬ ಯುವಕ ನನ್ನ ಹೊಟ್ಟೆಯ ಕೆಳಗೆ ಕೈಹಾಕಿ ಎತ್ತಿ ನಿಲ್ಲಿಸಿದ. ಅವನೇ ಛೋಗಾರಾಮ್. ಅವರ ಮನೆತನದವರು ತಲೆತಲಾಂತರದಿಂದ ಒಂಟೆ ಸಾಕುವವರು. ಆ ಹೊತ್ತಿಗೆ ಆಕಾಶದಲ್ಲಿ ಒಂದೇ ಒಂದು ಮೋಡ ಬಂದಿತ್ತಂತೆ, ಒಂದು ಹನಿಯನ್ನೂ ಚೆಲ್ಲದೆ ದಾಟಿ ಹೋಯಿತಂತೆ. "ಅದಂತೂ ನಿಲ್ಲಲಿಲ್ಲ, ಇವನಾದರೂ ನಮ್ಮಲ್ಲಿ ನಿಲ್ಲಲಿ" ಎಂದು ಛೋಗಾರಾಮ್ ನನಗೆ ಆ ಹೆಸರಿಟ್ಟ.

ನಮ್ಮದು ದೊಡ್ಡ ಹಿಂಡು. ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ಮುಳ್ಳುಗಿಡಗಳ ನಡುವೆ ಮೇಯುತ್ತಿದ್ದೆವು. ಆದರೆ ನಾನು ಬೆಳೆಯುತ್ತಿದ್ದಂತೆ ಹಿಂಡು ಕರಗುತ್ತಾ ಬಂತು. ನಾವು ಮೇಯುತ್ತಿದ್ದ ಬಯಲಿಗೆ ತಂತಿಬೇಲಿ ಬಿತ್ತು. ಬೇಲಿಯ ಆಚೆ ಎತ್ತರದ ಗಾಳಿಯಂತ್ರಗಳು ಕೈ ಬೀಸುತ್ತಾ ನಿಂತವು. ಹೊರೆ ಹೊರಲು ಟ್ರ್ಯಾಕ್ಟರು ಬಂತು, ನಮ್ಮನ್ನು ಕೇಳುವವರಿಲ್ಲವಾಯಿತು. ಒಂದೊಂದಾಗಿ ಎಲ್ಲರನ್ನೂ ಮಾರಿದರು. ನನ್ನ ತಾಯಿಯನ್ನು ಒಯ್ದ ದಿನ ಅವಳು ಕತ್ತು ತಿರುಗಿಸಿ ಒಮ್ಮೆ ಕೂಗಿದಳು. ನಾನೂ ಕೂಗಿದೆ. ಛೋಗಾರಾಮ್ ನನ್ನ ಕಣ್ಣಿಗೆ ತನ್ನ ಮುಂಡಾಸಿನ ಸೆರಗು ಮುಚ್ಚಿ ಹಿಡಿದುಕೊಂಡ. ಕಣ್ಣು ಮುಚ್ಚಿದರೆ ಕಿವಿ ಮುಚ್ಚುತ್ತದೆಯೇ?

ಕೊನೆಗೆ ಉಳಿದವನು ನಾನೊಬ್ಬನೇ. ಆ ದಿನಗಳಲ್ಲಿ ಛೋಗಾರಾಮನ ನೆಂಟನೊಬ್ಬ ತೆಂಕಣದಿಂದ ಬಂದು ಹೇಳಿದ: "ಕಡಲ ದಂಡೆಗಳಲ್ಲಿ ಜನ ಒಂಟೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಕ್ಕಳಂತೂ ಇಳಿಯುವುದೇ ಇಲ್ಲ." ಛೋಗಾರಾಮನಿಗೆ ಹೆಂಡತಿ ಇದ್ದಳು, ತೊಟ್ಟಿಲಲ್ಲಿ ಮಗಳಿದ್ದಳು. ಅವರನ್ನು ಅಣ್ಣನ ಮನೆಯಲ್ಲಿ ಬಿಟ್ಟು, ಒಂದು ಹಗ್ಗದ ಮಂಚ, ಎರಡು ಪಾತ್ರೆ, ಒಂದು ಕಂಬಳಿಯನ್ನು ನನ್ನ ಬೆನ್ನಿಗೇರಿಸಿ ಹೊರಟ. ಗುಜರಾತು ದಾಟಿದೆವು, ಮಹಾರಾಷ್ಟ್ರ ದಾಟಿದೆವು. ಎಷ್ಟು ತಿಂಗಳು ನಡೆದೆವೋ ನನಗೆ ಗೊತ್ತಿಲ್ಲ. ಇಡೀ ದಾರಿ ಅವನು ನನ್ನ ಮೇಲೆ ಕೂತದ್ದು ಕಡಿಮೆ. ಪಕ್ಕದಲ್ಲೇ ನಡೆಯುತ್ತಾ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ. ಮಗಳ ಮಾತು, ಮಳೆಯ ಮಾತು, ಮಾರಿದ ಒಂಟೆಗಳ ಹೆಸರು. ನಾಲಗೆಯನ್ನು ಅಂಗುಳಕ್ಕೆ ಹೊಡೆದು ಟಕ್ ಟಕ್ ಎನ್ನುವ ಸದ್ದು ಮಾಡುತ್ತಿದ್ದ. ಅದು ಕೇಳಿದರೆ ನನ್ನ ಕಾಲುಗಳು ತಾವಾಗಿ ಹೆಜ್ಜೆ ಹಾಕುತ್ತಿದ್ದವು.

ಒಂದು ಮಧ್ಯಾಹ್ನ ಮರಗಳ ಸಂದಿಯಲ್ಲಿ ಕಡಲು ಕಂಡಿತು. ಅಷ್ಟು ನೀರನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಛೋಗಾರಾಮ್ ಹಗ್ಗ ಹಿಡಿಯುವಷ್ಟರಲ್ಲಿ ಓಡಿಹೋಗಿ ಬಾಯ್ತುಂಬ ಕುಡಿದೆ. ಥೂ! ಮೂಗು, ಗಂಟಲು, ಕಣ್ಣು ಎಲ್ಲ ಉರಿಯಿತು. ನಾನು ಉಗಿದದ್ದು ದಂಡೆಯಲ್ಲಿ ಒಣಮೀನು ತಿರುವಿಹಾಕುತ್ತಿದ್ದ ಹೆಂಗಸೊಬ್ಬಳ ಮೇಲೆ ಬಿತ್ತು.

"ಹ್ವಾಯ್! ಇದೆಂತ ಮಾರಾಯ್ರೆ ಇದ್? ಎಲ್ಲಿಂದ ಹೊಡ್ಕಂಡ್ ಬಂದ್ರಿ ಈ ಪ್ರಾಣಿನಾ?" ಎಂದು ಅವಳು ಎದ್ದು ನಿಂತಳು. ಛೋಗಾರಾಮ್ ಕೈಮುಗಿದ. ಅವನಿಗೆ ಕನ್ನಡ ಬಾರದು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ತನ್ನ ಮನೆಯೊಳಗೆ ಹೋಗಿ ಒಂದು ಬಕೆಟ್ಟು ಸಿಹಿನೀರು ತಂದಿಟ್ಟಳು. "ಕುಡಿ ಮಗಾ. ಆ ನೀರ್ ಕುಡುಕ್ ಆತಿಲ್ಲ."

ಅವಳೇ ಬಾಬಿ. ಮೊಗವೀರರ ಹೆಂಗಸು. ಗಂಡ ಬಚ್ಚ ರತ್ನಗಿರಿಯ ಮೀನುಬೋಟಿನಲ್ಲಿ ದುಡಿಯುತ್ತಿದ್ದ. ಮಳೆಗಾಲದಲ್ಲಿ ಬೋಟು ನಿಂತಾಗ ಮಾತ್ರ ಮನೆಗೆ ಬರುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಬಾಬಿಯ ಮನೆಯ ಪಕ್ಕದ ಹಳೆಯ ದೋಣಿಚಪ್ಪರ ನಮ್ಮ ಬಿಡಾರವಾಯಿತು.

ಆಗ ನಡುಕೋಡಿಗೆ ಹೊರಗಿನವರು ಬರುತ್ತಿದ್ದುದೇ ಅಪರೂಪ. ಬಲೆ ಒಣಗುತ್ತಿತ್ತು, ನಾಯಿಗಳು ಮಲಗುತ್ತಿದ್ದವು. ಭಾನುವಾರ ನಾಲ್ಕು ಮಕ್ಕಳು ನನ್ನ ಬೆನ್ನೇರಿದರೆ ಹೆಚ್ಚು. ಆಮೇಲೆ ಹೆದ್ದಾರಿ ಅಗಲವಾಯಿತು. ಯಾರೋ ಸಂಜೆಯ ಸೂರ್ಯನ ವಿಡಿಯೊ ಮಾಡಿ ಊರೂರಿಗೆ ಹಂಚಿದರಂತೆ. ನೋಡುನೋಡುತ್ತಿದ್ದಂತೆ ಕಾರುಗಳು ಸಾಲುಗಟ್ಟಿದವು. ಮೀನು ಒಣಗಿಸುತ್ತಿದ್ದ ಜಾಗದಲ್ಲಿ ಛತ್ರಿಗಳು ಬಿಚ್ಚಿಕೊಂಡವು. ಚುರುಮುರಿ, ಗೋಬಿ, ಐಸ್‌ಕ್ರೀಮು, ನೀರಿನ ಮೇಲೆ ಹಾರುವ ಸ್ಕೂಟರು. ಬಾಬಿಯೂ ಮೀನಿನ ಬುಟ್ಟಿ ಬಿಟ್ಟು ಎಳನೀರಿನ ಅಂಗಡಿ ಇಟ್ಟಳು. ನನ್ನ ಕುತ್ತಿಗೆಗೆ ಗೆಜ್ಜೆ ಬಂತು, ಬೆನ್ನಿಗೆ ಕನ್ನಡಿಬಟ್ಟೆ ಬಂತು. ಒಬ್ಬ ಪುಣ್ಯಾತ್ಮ ನನಗೆ ಕಪ್ಪು ಕನ್ನಡಕ ಹಾಕಿ ಫೋಟೊ ತೆಗೆದ. ಒಂಟೆಯ ಮುಖ ಹೇಗಿದ್ದರೂ ಜನರಿಗೆ ನಗುತ್ತಿದೆ ಎಂದೇ ಅನ್ನಿಸುತ್ತದೆ.

ಬೆನ್ನ ಮೇಲೆ ಕೂತವರು ಎಷ್ಟೋ ಮಂದಿ. ಮರೆತವರೇ ಹೆಚ್ಚು. ಗದಗದ ಕಡೆಯ ಒಬ್ಬ ಮುದುಕಿಯನ್ನು ಮಾತ್ರ ಮರೆತಿಲ್ಲ. ಮೊಮ್ಮಕ್ಕಳು ಅವಳನ್ನು ಎತ್ತಿ ಕೂರಿಸಿದರು. ನಾನು ಎದ್ದು ನಿಂತದ್ದೇ, "ಎವ್ವಾ! ಇದೇನ್ ಒಂಟೀನೋ ಮಾಳಗಿನೋ!" ಎಂದು ಚೀರಿದಳು. ಆಮೇಲೆ ದಂಡೆಯ ತುದಿಗೆ ಹೋಗುವವರೆಗೂ ಕಡಲನ್ನೇ ನೋಡಿದಳು. ಇಳಿಯುವಾಗ ನನ್ನ ಕತ್ತು ಸವರಿ, "ಇಷ್ಟ್ ನೀರ ಐತಿ, ನೀನೂ ಕುಡಿಯಾಂಗಿಲ್ಲ, ನಾನೂ ಕುಡಿಯಾಂಗಿಲ್ಲ. ನಿಮ್ಮೂರು ನೆನಪಾಗತೈತಿಲ್ಲೋ ನಿನಗ?" ಎಂದಳು. ಅಷ್ಟು ವರ್ಷಗಳಲ್ಲಿ ನನ್ನನ್ನು ಹಾಗೆ ಕೇಳಿದವಳು ಅವಳೊಬ್ಬಳೇ.

ಆಗುತ್ತಿತ್ತು. ಕಾಲಡಿಯ ಮರಳೇ ಅದನ್ನು ನೆನಪಿಸುತ್ತಿತ್ತು. ನೋಡಲು ನಮ್ಮೂರಿನ ಮರಳಿನ ಹಾಗೆಯೇ, ಹೆಜ್ಜೆಯಿಟ್ಟರೆ ಒದ್ದೆ. ಜನರೆಲ್ಲ ಹೋದ ಮೇಲೆ ಛೋಗಾರಾಮ್ ನನ್ನ ಪಕ್ಕೆಗೆ ಒರಗಿ ಕೂರುತ್ತಿದ್ದ. ಬಡಗಣ ದಿಕ್ಕಿಗೆ ಕೈತೋರಿಸಿ ಮಗಳು ಈಗ ಇಷ್ಟೆತ್ತರ ಆಗಿದ್ದಾಳಂತೆ ಎನ್ನುತ್ತಿದ್ದ. ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದ. ಹೋದಾಗಲೆಲ್ಲ ಬಾಬಿಯೇ ನನಗೆ ಮೇವು ಹಾಕುತ್ತಿದ್ದಳು. ಅವನು ಅವಳನ್ನು ತನ್ನೂರಿನ ರೀತಿಯಲ್ಲಿ ಬಾಯೀಸಾ ಎಂದು ಕರೆಯುತ್ತಿದ್ದ, ಅಂದರೆ ತಂಗಿ. ಅವಳಿಗೆ ಅವನು ಚೋಗಣ್ಣ, ನಾನು ಬಾದು.

ಮಗಳು ದೊಡ್ಡವಳಾದಳು. ಮದುವೆ ಗೊತ್ತಾಯಿತು. ಛೋಗಾರಾಮ್ ಅಂಗಿ ಹೊಲಿಸಿಕೊಂಡ. ಬಾಬಿ ಮದುಮಗಳಿಗೆಂದು ಕೈಮಗ್ಗದ ಒಂದು ಸೀರೆ ಕಟ್ಟಿಕೊಟ್ಟಳು.

"ಬಾಯೀಸಾ, ಮದುವೆ ಮುಗಿಸಿ ಜಲ್ದಿ ಬರ್ತದೆ ನಾನು" ಎಂದ. ಅವನ ಕನ್ನಡ ಕೊನೆಯವರೆಗೂ ಹಾಗೇ ಇತ್ತು.

"ಗಡಿಬಿಡಿ ಎಂತದೂ ಇಲ್ಲ. ಹುಡ್ಗಿನ ಕಳ್ಸಿ ನಿಧಾನ ಬನ್ನಿ. ನಾನ್ ಇದ್ನಲೆ ಬಾದುನ ಕಾಂಬುಕೆ."

ಅವನು ನನ್ನ ಹಣೆಗೆ ಹಣೆ ತಾಗಿಸಿ ಹೊರಟುಹೋದ.

ಅವನು ಹೋದ ಕೆಲವೇ ದಿನಗಳಲ್ಲಿ ಆ ಕಾಯಿಲೆಯ ಸುದ್ದಿ ಬಂತು. ಪೊಲೀಸರು ಬಂದು ದಂಡೆಯ ದಾರಿಗೆ ಬಿದಿರು ಕಟ್ಟಿದರು. ಕಾರು ನಿಂತಿತು, ಬಸ್ಸು ನಿಂತಿತು, ರೈಲು ನಿಂತಿತು. ಛತ್ರಿಗಳನ್ನು ಮಡಚಿ ಹಗ್ಗ ಬಿಗಿದರು. ಮೊದಲ ದಿನಗಳಲ್ಲಿ ನನಗೆ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ. ಬೆನ್ನಿಗೆ ಭಾರವಿಲ್ಲ, ಕಿವಿಗೆ ಪೀಪಿಯಿಲ್ಲ. ಏಡಿಗಳು ಗೂಡಿನಿಂದ ಹೊರಬಂದು ದಂಡೆಯ ತುಂಬ ಓಡಾಡಿದವು. ಆದರೆ ದಿನ ಕಳೆದಂತೆ ಮಕ್ಕಳ ಪುಟ್ಟ ಹಿಮ್ಮಡಿಗಳು ಪಕ್ಕೆಗೆ ಬಡಿಯುವುದನ್ನು ಬೆನ್ನು ಕಾಯತೊಡಗಿತು. ಅಷ್ಟೆಲ್ಲ ಗದ್ದಲವನ್ನು ನಾನು ಇಷ್ಟಪಟ್ಟಿದ್ದೆ ಎಂದು ಅದು ಇಲ್ಲವಾದಾಗಲೇ ತಿಳಿದದ್ದು.

ಅದಕ್ಕಿಂತ ಹೆಚ್ಚಾಗಿ ನಾನು ಕಾಯುತ್ತಿದ್ದುದು ಅವನನ್ನು. ಬೆಳಗಾದರೆ ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಮೇವಿನ ಅಂಗಡಿ ಮುಚ್ಚಿತ್ತು. ಬಾಬಿ ಕತ್ತಿ ಹಿಡಿದು ಹೋಗಿ ಹಲಸಿನ ಸೊಪ್ಪು, ದಾಸವಾಳದ ಗೆಲ್ಲು ಕಡಿದು ತಂದು ಹಾಕುತ್ತಿದ್ದಳು. ತನ್ನ ಗಂಜಿಯ ಅಕ್ಕಿ ತೊಳೆದ ನೀರನ್ನು ಕುಡಿಸುತ್ತಿದ್ದಳು. ಕೇರಿಯವರು, "ನಿಂಗೆಂತ ಮಳ್ಳಾ ಬಾಬಿ? ಮನ್ಷರಿಗೇ ತಿಂಬುಕ್ ಇಲ್ದಿದ್ ಕಾಲ್ದಗೆ ಒಂಟಿ ಸಾಕ್ತ್ಯಲೆ?" ಎನ್ನುತ್ತಿದ್ದರು. "ನಂದಲ್ಲ, ಚೋಗಣ್ಣಂದ್. ಅವ್ರ್ ಬಪ್ಪಲ್ಲಿವರೆಗೆ ಅಷ್ಟೆ" ಎಂದು ಅವಳು ಕೆಲಸ ಮುಂದುವರಿಸುತ್ತಿದ್ದಳು. ಬಚ್ಚನೂ ರತ್ನಗಿರಿಯಲ್ಲೇ ಸಿಕ್ಕಿಬಿದ್ದಿದ್ದ. ನಾವಿಬ್ಬರೂ ಕಾಯುವವರೇ.

ನಾನು ತಿನ್ನುವುದು ಕಡಿಮೆಯಾಯಿತು. ಒಂದು ದಿನ ಬಾಬಿ ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದಳು. "ಮಾತಾಡಿ ಚೋಗಣ್ಣ. ನಿಮ್ ಸ್ವರ ಕೇಂಡ್ರಾದ್ರೂ ನಾಲ್ಕ್ ಸೊಪ್ಪ್ ತಿಂಬುದಾ ಕಾಂಬ."

"ಬಾದಲ್! ಓ ಮ್ಹಾರಾ ಬಾದಲ್!"

ಅವನೇ! ನಾನು ತಿರುಗಿ ನೋಡಿದೆ. ಬಾಬಿಯ ಹಿಂದೆ ನೋಡಿದೆ. ದೋಣಿಚಪ್ಪರದೊಳಗೆ ನುಗ್ಗಿ ಹಗ್ಗದ ಮಂಚವನ್ನು ಮೂಸಿದೆ. ಹೊರಬಂದು ರಸ್ತೆಯವರೆಗೆ ಓಡಿದೆ. ಎಲ್ಲೂ ಇಲ್ಲ. ಸ್ವರ ಮಾತ್ರ ಆ ಪುಟ್ಟ ಡಬ್ಬಿಯೊಳಗೆ ನನ್ನನ್ನು ಕರೆಯುತ್ತಲೇ ಇತ್ತು. ಆ ದಿನ ನಾನು ಒಂದು ಎಲೆಯನ್ನೂ ಮುಟ್ಟಲಿಲ್ಲ.

ಮರುದಿನ ಬಾಬಿ ಅವನಿಗೆ ಹೇಳುವುದು ಕೇಳಿಸಿತು. "ಇನ್ನ್ ಇದ್ರ ಹತ್ರ ಮಾತಾಡೂದ್ ಬ್ಯಾಡ ಅಣ್ಣ. ನಿಮ್ಮನ್ನ ಹುಡ್ಕುಕ್ ಸುರು ಮಾಡತ್ತ್. ನಂಗ್ ಕಾಂಬುಕ್ ಆತಿಲ್ಲ." ಆಮೇಲೆ ಅವನ ಫೋನು ಬಂದರೆ ಅವಳು ಗಾಳಿಮರಗಳ ಆಚೆಗೆ ನಡೆದುಬಿಡುತ್ತಿದ್ದಳು. ಅವಳು ಬೆನ್ನು ತಿರುಗಿಸಿ ನಿಂತಿದ್ದಾಳೆಂದರೆ ಅವನೇ ಮಾತಾಡುತ್ತಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು.

ಮಳೆಗಾಲ ಕಾಲಿಟ್ಟ ವಾರ ದೊಡ್ಡ ಗಾಳಿ ಬೀಸಿತು. ದೋಣಿಚಪ್ಪರದ ಒಂದು ಬದಿ ಹಾರಿಹೋಯಿತು. ನನ್ನನ್ನು ಕಟ್ಟಿದ್ದ ಗೂಟ ಸಡಿಲವಾಯಿತು. ಕಿತ್ತುಕೊಂಡು ಹೊರಟೆ. ಯಾವ ಕಡೆಗೆ ಎಂದು ಯೋಚಿಸಲಿಲ್ಲ. ಅವನು ಸಂಜೆ ಹೊತ್ತು ಕೈತೋರಿಸುತ್ತಿದ್ದ ಬಡಗಣಕ್ಕೇ ನಡೆದೆ. ಹೆದ್ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಮಧ್ಯಾಹ್ನದವರೆಗೂ ನಡೆದ ಮೇಲೆ ಒಂದು ದೊಡ್ಡ ಹೊಳೆಯ ಸೇತುವೆ ಸಿಕ್ಕಿತು. ಸೇತುವೆಗೆ ಅಡ್ಡಲಾಗಿ ಕಬ್ಬಿಣದ ಬೇಲಿ, ಬೇಲಿಯ ಪಕ್ಕದಲ್ಲಿ ಮಳೆಕೋಟು ಹಾಕಿದ ಪೊಲೀಸರು. ಅದರಾಚೆ ಬೇರೆ ಜಿಲ್ಲೆಯಂತೆ.

ಒಬ್ಬ ಪೊಲೀಸ್ ಇನ್ನೊಬ್ಬನಿಗೆ, "ಪಾಸ್ ಇಲ್ದೆ ಮನ್ಷರನ್ನೇ ಬಿಡೂಕಿಲ್ಲ. ಒಂಟೆಗೆ ಎಂತ ರೂಲ್ಸ್ ಮಾರಾಯ?" ಎಂದ. ಇಬ್ಬರೂ ನಕ್ಕರು, ನನ್ನ ಫೋಟೊ ತೆಗೆದರು. ನಾನು ಬೇಲಿಗೆ ಎದೆಯೊತ್ತಿ ನಿಂತೆ. ಊರಲ್ಲಿ ತಂತಿಬೇಲಿ, ಇಲ್ಲಿ ಕಬ್ಬಿಣದ ಬೇಲಿ. ಕಾಲು ಸೋತು ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟೆ.

ಸಂಜೆಯ ಹೊತ್ತಿಗೆ ಬಾಬಿ ಬಂದಳು. ಪೊಲೀಸರ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿ ನಡುಕೋಡಿ ಮುಟ್ಟಿತ್ತಂತೆ. ಯಾವ ಗಾಡಿಯೂ ಸಿಗದೆ ನಡೆದೇ ಬಂದಿದ್ದಳು. ಸೀರೆ ಮೈಗೆ ಅಂಟಿತ್ತು, ಪ್ಲಾಸ್ಟಿಕ್ಕಿನ ಚಪ್ಪಲಿಯ ಒಂದು ಪಟ್ಟಿ ಕಿತ್ತುಹೋಗಿತ್ತು.

"ಅಕ್ಕ, ಇದ್ ನಿಮ್ದಾ?" ಎಂದು ಪೊಲೀಸ್ ಕೇಳಿದ.

ಅವಳು ನನ್ನ ಹಗ್ಗವನ್ನು ಕೈಗೆ ತೆಗೆದುಕೊಂಡಳು. "ಹೌದ್. ನಮ್ದೇ" ಎಂದಳು.

ಆಮೇಲೆ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಳು. "ಹೋಪುಕ್ ಹೊರ್ಟ್ಯಾ ಮಗಾ? ದಾರಿ ಗೊತ್ತಿತ್ತಾ ನಿಂಗೆ? ನಂಗೊಂದ್ ಮಾತ್ ಹೇಳ್ದೆ ಹೋತ್ಯಲೆ." ಅವಳ ಒದ್ದೆ ತಲೆಯ ಮೇಲೆ ಗದ್ದವನ್ನಿಟ್ಟೆ. ಪೊಲೀಸರು ಒಂದು ಗೂಡ್ಸ್ ಗಾಡಿಯನ್ನು ನಿಲ್ಲಿಸಿ ಅವಳನ್ನು ಹತ್ತಿಸಲು ನೋಡಿದರು. ಅವಳು ಒಪ್ಪಲಿಲ್ಲ. "ಇದ್ ಗಾಡಿ ಹತ್ತುದಿಲ್ಲ, ನಾನ್ ಇದನ್ನ ಬಿಟ್ಟ್ ಹತ್ತುದಿಲ್ಲ" ಎಂದು ಹಗ್ಗ ಹಿಡಿದು ಹೊರಟಳು.

ಆ ಮಳೆಗಾಲ ನನ್ನ ಮೈಗೆ ಕಜ್ಜಿ ಹತ್ತಿತು. ಈ ತೇವ ನಮ್ಮ ಜಾತಿಗೆ ಒಗ್ಗುವುದಿಲ್ಲ. ಕೂದಲು ಉದುರಿ ಚರ್ಮ ಬಿರಿಯಿತು. ಬೋಟು ನಿಂತು, ಹೇಗೋ ಊರು ಸೇರಿದ ಬಚ್ಚ ನನ್ನನ್ನು ನೋಡಿ, "ಇದ್ ಉಳಿಯುದಿಲ್ಲ ಕಾಣ್" ಎಂದ. ಬಾಬಿ ಅವನನ್ನೇ ಕೆಲಸಕ್ಕೆ ಹಚ್ಚಿದಳು. ಅವನು ಹಳೆಯ ಬೋಟಿನ ಟರ್ಪಾಲು ತಂದು ಚಪ್ಪರಕ್ಕೆ ಹೊದಿಸಿದ, ನೆಲಕ್ಕೆ ಹಲಗೆ ಹಾಸಿದ. ದಿನವೂ ಇಬ್ಬರೂ ಸೇರಿ ಬೇವಿನೆಣ್ಣೆಗೆ ಗಂಧಕ ಕಲಸಿ ಮೈಗೆಲ್ಲ ಹಚ್ಚುತ್ತಿದ್ದರು. ಉರಿಗೆ ನಾನು ಒದೆಯುತ್ತಿದ್ದೆ. ಬಚ್ಚ ಬೈಯುತ್ತಿದ್ದ. ಬೈಯುತ್ತಲೇ ಹಚ್ಚುತ್ತಿದ್ದ. ನಾನು ಉಳಿದೆ.

ಛೋಗಾರಾಮ್ ಬರಲಿಲ್ಲ. ರೈಲು ಶುರುವಾದ ಮೇಲೂ ಬರಲಿಲ್ಲ. ಮರುವರ್ಷ ಅವನ ಅಳಿಯ ಅದೇ ಕಾಯಿಲೆಯಲ್ಲಿ ತೀರಿಹೋದ. ಮಗಳು ಎಳೆಗೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಅವರಿಗೆ ಅನ್ನ ಹಾಕಲು ಅವನು ಕಲ್ಲು ಕೊಯ್ಯುವ ಕಾರ್ಖಾನೆ ಸೇರಿದ್ದ. ಇದನ್ನೆಲ್ಲ ಬಾಬಿ ನನಗೆ ಸೊಪ್ಪು ಹಾಕುತ್ತಾ ಹೇಳಿದಳು, ಮನೆಯ ಒಬ್ಬನಿಗೆ ಹೇಳಬೇಕಾದ ಸುದ್ದಿಯನ್ನು ಹೇಳುವ ಹಾಗೆ.

ನಡುವೆ ದಂಡೆಯನ್ನು ತೆರೆದರು, ಮತ್ತೆ ಮುಚ್ಚಿದರು. ಕೊನೆಗೆ ಬಿದಿರು ಬಿಚ್ಚಿದ ಮೇಲೆ ಬಂದ ಜನವೋ ಜನ! ಕಟ್ಟೆಯೊಡೆದ ನೀರಿನ ಹಾಗೆ ನುಗ್ಗಿದರು. ನಡುಕೋಡಿ ಮೊದಲಿನದಾಗಿ ಉಳಿಯಲಿಲ್ಲ. ನೀರಿನ ಮೇಲೆ ತೇಲುವ ಸೇತುವೆ ಬಂತು. ಗಾಜಿನ ಗೋಡೆಯ ರೆಸಾರ್ಟು ಎದ್ದಿತು. ಹಳೆಯ ಅಂಗಡಿಗಳವರಲ್ಲಿ ಅರ್ಧ ಜನ ತಿರುಗಿ ಬರಲಿಲ್ಲ. ಚುರುಮುರಿಯವನು ಎಲ್ಲಿ ಹೋದನೋ ಯಾರಿಗೂ ತಿಳಿಯದು. ಬಾಬಿ ಸಂಜೆ ಹೊತ್ತು ಪುಟ್ಟ ಮಕ್ಕಳನ್ನು ಮಾತ್ರ ನನ್ನ ಮೇಲೆ ಕೂರಿಸಿ ನಾಲ್ಕು ಹೆಜ್ಜೆ ನಡೆಸುತ್ತಿದ್ದಳು. ನನ್ನ ಮಂಡಿಗಳಿಗೆ ಅಷ್ಟೇ ಸಾಕಾಗಿತ್ತು.

ಒಂದು ಬೇಸಿಗೆ, ಜನ ನೆರಳು ಹುಡುಕುವ ಉರಿಬಿಸಿಲಿನ ಹೊತ್ತಿನಲ್ಲಿ, ಗಾಳಿಮರಗಳ ಕೆಳಗೆ ಒಬ್ಬ ಕುಂಟುತ್ತಾ ಬಂದ. ನರೆತ ಗಡ್ಡ, ತಲೆಗೆ ಕಾರ್ಖಾನೆಯ ಟೋಪಿ. ಮೈಯಿಂದ ಕಲ್ಲಿನ ಧೂಳಿನ ವಾಸನೆ. ನಾನು ಮುಖ ತಿರುಗಿಸಿದೆ. ಆಗ ಅವನು ನಾಲಗೆಯಿಂದ ಟಕ್ ಟಕ್ ಎಂದ.

ಅಷ್ಟು ವರ್ಷ ಕಾದವನು ಏನು ಮಾಡಬೇಕೆಂದೇ ತೋಚದೆ ನಿಂತುಬಿಟ್ಟೆ. ಅವನೇ ಬಂದು ಕುತ್ತಿಗೆ ತಬ್ಬಿದ. ಅಂಗಡಿಯಲ್ಲಿ ಎಳನೀರು ಕೆತ್ತುತ್ತಿದ್ದ ಬಾಬಿ ಕತ್ತಿಯನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವನು ನನ್ನನ್ನು ಕರೆದೊಯ್ಯಲು ಬಂದಿದ್ದ. ಪರಿಚಯದ ಲಾರಿಯೊಂದು ಆ ಕಡೆಗೆ ಹೋಗುವುದಿತ್ತು. "ಮೊಮ್ಮಗ ಒಂಟೆ ನೋಡಿಲ್ಲ ಬಾಯೀಸಾ. ನಮ್ಮ ಮನೇಲಿ ಹುಟ್ಟಿ ಒಂಟೆ ನೋಡಿಲ್ಲ" ಎಂದ. ಬಾಬಿ, "ನಿಮ್ದೇ ಅಲ್ದಾ ಅಣ್ಣ, ಕರ್ಕಂಡ್ ಹೋಯ್ನಿ" ಎಂದಳು. ಮರುದಿನ ಬೆಳಿಗ್ಗೆ ನನ್ನ ಮೈ ತೊಳೆದು ಎಣ್ಣೆ ಸವರಿದಳು. ದಾರಿಗೆಂದು ಒಂದು ಮೂಟೆ ಸೊಪ್ಪು ಕಟ್ಟಿದಳು. ಅವಳ ಕೈ ಎಂದಿಗಿಂತ ನಿಧಾನವಾಗಿತ್ತು.

ಲಾರಿಗೆ ಹಲಗೆ ಇಳಿಬಿಟ್ಟರು. ಹತ್ತಲು ನಾನು ಮನಸ್ಸು ಮಾಡಿದೆ, ದೇವರಾಣೆ. ನನ್ನ ಮರಳಿಗೆ ಹೋಗುವ ದಾರಿ ಅದು. ಎರಡು ಹೆಜ್ಜೆ ಇಟ್ಟೆ. ಹಿಂಗಾಲು ಜಾರಿ ಮಂಡಿ ಹಲಗೆಗೆ ಬಡಿಯಿತು. ಮತ್ತೆ ಎಬ್ಬಿಸಿದರು. ಮತ್ತೆ ಕುಸಿದೆ. ನೋವಿಗೆ ಕೂಗಿದೆ. ಲಾರಿಯವನು, "ಕಾಲು ಕಟ್ಟಿ ಎಳೆದು ಹಾಕೋಣ, ಒಂದು ಸಲ ಮಲಗಿಸಿದರೆ ಊರು ಮುಟ್ಟುವವರೆಗೆ ಏಳುವ ಹಾಗಿಲ್ಲ" ಎಂದ. ಛೋಗಾರಾಮ್ ನನ್ನ ಮಂಡಿಯನ್ನು ಅಂಗೈಯಿಂದ ಮುಟ್ಟಿ ನೋಡಿದ. ಊದಿತ್ತು. ತನ್ನ ಮಂಡಿಯನ್ನೂ ಒಮ್ಮೆ ಸವರಿಕೊಂಡ.

"ನೀನು ಹೋಗಣ್ಣ. ಇದು ಬರಲ್ಲ" ಎಂದು ಲಾರಿಯವನನ್ನು ಕಳಿಸಿಬಿಟ್ಟ.

ನಾಲ್ಕಾರು ದಿನ ನನ್ನ ಜೊತೆಗಿದ್ದ. ಹಗ್ಗದ ಮಂಚ ಕೊಡವಿ ಹಾಕಿಕೊಂಡ. ಊರಿನ ಸುದ್ದಿಯೆಲ್ಲ ಹೇಳಿದ. ನಾವು ಮೇಯುತ್ತಿದ್ದ ಜಾಗದಲ್ಲಿ ಈಗ ಹುಲ್ಲುಕಡ್ಡಿಯೂ ಇಲ್ಲವಂತೆ, ನೆಲಕ್ಕೆ ಬಿಸಿಲಿನಿಂದ ಕರೆಂಟು ಮಾಡುವ ಕನ್ನಡಿಗಳನ್ನು ಹಾಸಿದ್ದಾರಂತೆ. ನಾನು ಇಷ್ಟು ಕಾಲ ಬಯಸುತ್ತಿದ್ದ ಊರು ಅವನ ಮಾತಿನಲ್ಲಿ ಎಲ್ಲೂ ಬರಲಿಲ್ಲ. ಆದರೂ ಅವನು ಹೇಳುತ್ತಿದ್ದರೆ ನನಗೆ ಆ ಬಿಸಿ ಮರಳೇ ಕಾಣುತ್ತಿತ್ತು.

ಹೋಗುವ ದಿನ ಬಾಬಿ ನನ್ನ ಹಗ್ಗ ಬಿಚ್ಚಿದಳು. ಮೂವರೂ ರಸ್ತೆಯವರೆಗೆ ನಡೆದೆವು. ಹಿಂದಿನ ಸಲದಂತೆ ಅವನು ಜಲ್ದಿ ಬರ್ತದೆ ಎನ್ನಲಿಲ್ಲ. "ಬಾಯೀಸಾ, ಇದು ನಿಂದು" ಎಂದ. ಅಷ್ಟೇ. ದೂರದಲ್ಲಿ ಬಸ್ಸು ಕಂಡಾಗ ನನ್ನ ಕತ್ತು ತಟ್ಟಿ, "ಝೇ, ಝೇ" ಎಂದ. ನಮ್ಮಲ್ಲಿ ಕೂರು ಎನ್ನಲು ಹಾಗೆ ಹೇಳುತ್ತಾರೆ. ಅವನು ಹೇಳಿದ ಮೇಲೆ ನಾನು ಕೂರದೆ ಇದ್ದದ್ದುಂಟೆ? ಮುಂಗಾಲು ಮಡಚಿದೆ, ಹಿಂಗಾಲು ಮಡಚಿದೆ, ಮರಳಿಗೆ ಎದೆಯೂರಿದೆ. ಅವನು ಕುಂಟುತ್ತಾ ಓಡಿ ಬಸ್ಸು ಹತ್ತಿದ. ಏಕೆ ಕೂರಿಸಿದನೆಂದು ಆಗ ಹೊಳೆಯಿತು. ಮುದಿ ಒಂಟೆಗೆ ಏಳಲು ಎಷ್ಟು ಹೊತ್ತು ಬೇಕೆಂದು ಅವನಿಗೆ ಗೊತ್ತಿತ್ತು. ನಾನು ಹಿಂಗಾಲು ಊರುವಷ್ಟರಲ್ಲಿ ಬಸ್ಸು ತಿರುವಿನಲ್ಲಿ ಮರೆಯಾಯಿತು. ಎದ್ದ ಹಿಂಗಾಲನ್ನು ಮತ್ತೆ ಮಡಚಿ ಅಲ್ಲೇ ಉಳಿದೆ.

ಬಾಬಿ ಪಕ್ಕದಲ್ಲಿ ಕೂತಳು. ಅಂಗಡಿಯಲ್ಲಿ ಗಿರಾಕಿಗಳು ಕೂಗುತ್ತಿದ್ದರು, ಹೋಗಲಿಲ್ಲ. ಬಿಸಿಲು ಏರಿದ ಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಏಳ್ ಮಾರಾಯ. ಮನಿಗ್ ಹೋಪ."

ಈಗ ನಾನು ಯಾರನ್ನೂ ಹೊರುವುದಿಲ್ಲ. ಹಲ್ಲು ಸವೆದಿವೆ, ಬಾಬಿ ಸೊಪ್ಪನ್ನು ಸಣ್ಣಗೆ ಕೊಚ್ಚಿ ಹಾಕುತ್ತಾಳೆ. ರಜೆ ಬಂದರೆ ದಂಡೆ ತುಂಬುತ್ತದೆ, ಮಳೆ ಬಂದರೆ ಬರಿದಾಗುತ್ತದೆ. ಬಂದವರೆಲ್ಲ ಕಡಲಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡು, ಇಲ್ಲೇ ಇದ್ದುಬಿಡಬೇಕು ಅನ್ನಿಸುತ್ತದೆ ಎನ್ನುತ್ತಾರೆ, ಸಂಜೆಗೆ ಕಾರು ಹತ್ತುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದ ಜಾಗದಲ್ಲಿ ಇಲ್ಲದ ಜಾಗವನ್ನು ಬಯಸುವುದು ಒಂಟೆಗೂ ತಪ್ಪಿದ್ದಲ್ಲ. ಮಾರವಾಡ ನನಗೆ ಇಂದಿಗೂ ಬೇಕು. ಆದರೆ ಕಳೆದ ವಾರ ಬಾಬಿ ನೆಂಟರ ಮದುವೆಗೆಂದು ಕುಂದಾಪುರಕ್ಕೆ ಹೋಗಿ ಒಂದು ದಿನ ಬರಲಿಲ್ಲ. ಈಗ ಊರಲ್ಲೇ ಇರುವ ಬಚ್ಚ ಸೊಪ್ಪು ಹಾಕಿದ, ನೀರಿಟ್ಟ, ಬೈದ. ನಾನು ಮುಟ್ಟಲಿಲ್ಲ. ಅವಳು ಬರುವ ರಸ್ತೆ ತೆಂಕಣಕ್ಕಿದೆ. ಇಡೀ ದಿನ ನಾನು ತೆಂಕಣಕ್ಕೆ ಮುಖ ಮಾಡಿ ನಿಂತಿದ್ದೆ.